ವಿಂಡೋಸ್ 11ರಲ್ಲಿ ಹಳೇ ವಖಾರಿ ಪ್ರೋಗ್ರಾಂ: ಎರರ್ 339, ಜೆಟ್ ಪ್ರೊವೈಡರ್, ನುಡಿ ಅಕ್ಷರ

ಪ್ರಶ್ನೆ, ಶಿರಸಿಯಿಂದ
ಅಡಿಕೆ ವಖಾರಿಯ ಬಿಲ್ಲಿಂಗ್ ಪ್ರೋಗ್ರಾಂ ವಿಬಿ6ರದ್ದು (ಹಳೇ ವಿಷುಯಲ್ ಬೇಸಿಕ್ 6), ಡೇಟಾ ಆಕ್ಸೆಸ್ 2000ದ ಎಂಡಿಬಿ (ಡೇಟಾಬೇಸ್ ಫೈಲ್). 32 ಬಿಟ್ ವಿಂಡೋಸ್ 7ರಲ್ಲಿ ತಕರಾರಿರಲಿಲ್ಲ. ವಿಂಡೋಸ್ 11ರಲ್ಲಿ ಶುರುವಿಗೇ ರನ್‌ಟೈಮ್ ಎರರ್ 339, ಎಂಎಸ್‌ಕಾಮ್‌ಸಿಟಿಎಲ್.ಒಸಿಎಕ್ಸ್ (ಪರದೆಯ ಪಟ್ಟಿ, ಟೂಲ್‌ಬಾರ್ ಮೂಡಿಸುವ ಫೈಲ್) ಸಿಗುತ್ತಿಲ್ಲವಂತೆ. ಫೈಲನ್ನು ಸಿಸ್ಟಮ್32ಕ್ಕೆ ಹಾಕಿದರೂ ಅಷ್ಟೇ. ರಾಶಿ, ಚಾಲಿ, ಬೆಟ್ಟೆ ಅಡಿಕೆಯ ತೂಕದ ಪಟ್ಟಿಯನ್ನು ಎಕ್ಸೆಲ್‌ಗೆ ಎಳೆಯುವ ಮ್ಯಾಕ್ರೋ ಕೂಡ ಜೆಟ್ 4.0 ಪ್ರೊವೈಡರ್ (ಎಂಡಿಬಿ ಓದಿಸುವ ಕೊಂಡಿ) ಇಲ್ಲ ಎಂದು ನಿಲ್ಲುತ್ತದೆ. ಎಕ್ಸೆಲ್ 64 ಬಿಟ್.

ಉತ್ತರ, ಕುಮಟಾದಿಂದ
ಫೈಲ್ ಇಟ್ಟ ಜಾಗ ತಪ್ಪು. 64 ಬಿಟ್ ವಿಂಡೋಸಿನಲ್ಲಿ ಸಿಸ್ಟಮ್32 ಇರುವುದು 64 ಬಿಟ್ ಫೈಲಿಗೆ, ಸಿಸ್‌ವಾವ್64 ಇರುವುದು 32 ಬಿಟ್ ಫೈಲಿಗೆ. ಹೆಸರು ನೋಡಿದರೆ ಉಲ್ಟಾ ಅನ್ನಿಸುತ್ತದೆ, ಎಡವುವುದೂ ಇಲ್ಲಿಯೇ. ವಿಬಿ6 ಪ್ರೋಗ್ರಾಂ 32 ಬಿಟ್. ಅದು ಸಿಸ್ಟಮ್32ರಲ್ಲಿ ಹುಡುಕಿದರೂ ವಿಂಡೋಸ್ ಸದ್ದಿಲ್ಲದೆ ಸಿಸ್‌ವಾವ್64ಕ್ಕೆ ಕಳಿಸುತ್ತದೆ.

ಹಳೇ ಕಂಪ್ಯೂಟರಿನ ಒಸಿಎಕ್ಸನ್ನೇ ಸಿಸ್‌ವಾವ್64ಕ್ಕೆ ಹಾಕಿ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಅದೇ ಫೋಲ್ಡರಿನ ರೆಗ್‌ಎಸ್‌ವಿಆರ್32ರಿಂದ ಪೂರ್ತಿ ಪಾಥ್ ಕೊಟ್ಟು ರಿಜಿಸ್ಟರ್ ಮಾಡಿ. ಮತ್ತೆ 339 ಬಂದರೆ ಫೈಲಿನ ಹೆಸರು ಓದಿ, ಬೇರೆ ಒಸಿಎಕ್ಸ್ ಇರಬಹುದು. ಸಿಕ್ಕಸಿಕ್ಕ ಡೌನ್‌ಲೋಡ್ ಸೈಟುಗಳಿಂದ ಮಾತ್ರ ತರಬೇಡಿ.

ಉತ್ತರ, ಕಾರವಾರದಿಂದ
ಜೆಟ್ 4.0ಗೆ 64 ಬಿಟ್ ಆವೃತ್ತಿಯೇ ಇಲ್ಲ. ಮ್ಯಾಕ್ರೋದ ಕನೆಕ್ಷನ್ ಸಾಲಿನಲ್ಲಿ ‘ಮೈಕ್ರೋಸಾಫ್ಟ್.ಜೆಟ್.ಒಎಲ್‌ಇಡಿಬಿ.4.0’ ತೆಗೆದು ‘ಮೈಕ್ರೋಸಾಫ್ಟ್.ಏಸ್.ಒಎಲ್‌ಇಡಿಬಿ.12.0’ ಹಾಕಿ (ಇಂಗ್ಲಿಷಿನಲ್ಲೇ ಟೈಪಿಸಬೇಕು). ಏಸ್ ಎಂಜಿನ್ (ಜೆಟ್‌ನ ಮುಂದಿನ ರೂಪ) ಆಫೀಸಿನಷ್ಟೇ ಬಿಟ್‌ನದಾಗಿರಲಿ. ಎಂಡಿಬಿ ಆಕ್ಸೆಸ್ 97ರದ್ದಾಗಿದ್ದರೆ 2013 ಮತ್ತು ಅದರ ನಂತರದ ಆಕ್ಸೆಸ್ ತೆರೆಯುತ್ತಿರಲಿಲ್ಲ. ನಿಮ್ಮದು 2000ದ್ದು, ಚಿಂತೆಯಿಲ್ಲ.

ಪ್ರಶ್ನೆ ಕೇಳಿದವರು
ಎರಡೂ ಸರಿಹೋದವು. ಆದರೆ ‘ರನ್ ಆಸ್ ಅಡ್ಮಿನಿಸ್ಟ್ರೇಟರ್’ ಕೊಟ್ಟು ತೆರೆದರೆ ನಿನ್ನೆಯ ಚೀಟಿಗಳೇ ಇಲ್ಲ! ಎಕ್ಸೆಲ್‌ನಲ್ಲಿ ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ.

ಉತ್ತರ, ಕುಮಟಾದಿಂದ
ಚೀಟಿ ಹೋಗಿಲ್ಲ, ಗಾಬರಿ ಬೇಡ. ಪ್ರೋಗ್ರಾಂ ಫೈಲ್ಸ್ ಒಳಗೆ ಬರೆಯಲು ಹಳೇ ಪ್ರೋಗ್ರಾಮಿಗೆ ಅನುಮತಿಯಿಲ್ಲ, ಹಾಗಾಗಿ ವಿಂಡೋಸ್ ಎಂಡಿಬಿಯ ನಕಲನ್ನು ಯೂಸರ್ ಫೋಲ್ಡರಿನ ಆಪ್‌ಡೇಟಾ, ಲೋಕಲ್, ವರ್ಚುವಲ್‌ಸ್ಟೋರ್‌ನಲ್ಲಿ ಇಡುತ್ತದೆ. ಅಡ್ಮಿನ್ ಆಗಿ ತೆರೆದಾಗ ಕಾಣುವುದು ಮೂಲದ್ದು. ಈಗ ಇರುವುದು ಎರಡು ಎಂಡಿಬಿ. ಎರಡನ್ನೂ ಪೆನ್‌ಡ್ರೈವಿಗೆ ಇಳಿಸಿಕೊಂಡು, ಕೊನೆಯ ಚೀಟಿ ನಂಬರು ತಾಳೆ ನೋಡಿ. ಸರಿಯಾದದ್ದನ್ನು ಇಟ್ಟುಕೊಂಡು ಇಡೀ ಫೋಲ್ಡರನ್ನು ಸಿ ಡ್ರೈವಿನ ಬುಡಕ್ಕೇ ಒಯ್ಯಿರಿ, ಶಾರ್ಟ್‌ಕಟ್ ಬದಲಿಸಿ. ಇನ್ನು ಅಡ್ಮಿನ್ ಆಗಿ ತೆರೆಯುವುದೇ ಬೇಡ.

ಉತ್ತರ, ಕಾರವಾರದಿಂದ
ಅಕ್ಷರ ಕೆಟ್ಟಿಲ್ಲ, ಅದು ನುಡಿ ಎಂಬ ಕನ್ನಡ ತಂತ್ರಾಂಶದ ಹಳೇ ಆಸ್ಕಿ ಸಂಕೇತ (ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಕೂರಿಸಿದ್ದು). ಕಾಲಮ್ಮಿಗೆ ‘ನುಡಿ 01 ಇ’ ಫಾಂಟ್ ಕೊಟ್ಟರೆ ಓದಲು ಬರುತ್ತದೆ. ವಾಟ್ಸಾಪ್‌ಗೆ ಕಳಿಸಲು ಯುನಿಕೋಡ್ ಬೇಕು. ಎಕ್ಸೆಲ್ ನಕಲನ್ನಷ್ಟೇ ಪರಿವರ್ತಕದಲ್ಲಿ ಹಾಯಿಸಿ. ಯುನಿಕೋಡನ್ನು ಎಂಡಿಬಿಗೆ ವಾಪಸ್ ತುಂಬಿದರೆ ವಿಬಿ6 ಪೆಟ್ಟಿಗೆಗಳಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಕಾಣುತ್ತದೆ. ಅರ್ಕಾವೊತ್ತಿನ ಮೇಲೆ ಕಣ್ಣಿರಲಿ: ‘ಗೋಕರ್ಣ’ದಲ್ಲಿ ನುಡಿ ಅರ್ಕಾವೊತ್ತನ್ನು ‘ಣ’ ಆದಮೇಲೆ ಇಡುತ್ತದೆ, ಯುನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಅಂಥ ಹೆಸರುಗಳನ್ನು ಒಂದೊಂದಾಗಿ ನೋಡಿ.