ಹಳೆಯ ಜೀಪಿನ ಮುಂದಿನ ಆಕ್ಸಲ್‌ನಲ್ಲಿ ಕೀಚಲು ಸದ್ದು: ಯು-ಜಾಯಿಂಟ್ ಹೋಗಿದೆಯೇ, ಬದಲಿಸುವುದು ಹೇಗೆ?

ಕಾಡುದಾರಿ – ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 1999ರ ಜೀಪ್ ರ‍್ಯಾಂಗ್ಲರ್ ಟಿಜೆ ಇದೆ. ಮುಂದೆ ಡಾನಾ 30 ಆಕ್ಸಲ್, 30 ಇಂಚಿನ ಟೈರುಗಳು, ಡಿಫರೆನ್ಶಿಯಲ್ ಅನುಪಾತ 3.73. ಎರಡು ತಿಂಗಳ ಹಿಂದೆ ಮೊಣಕಾಲೆತ್ತರದ ನೀರು ದಾಟಿ ಬಂದ ಮೇಲೆ ಗಾಡಿಯ ಮುಂಭಾಗದಿಂದ ಹಕ್ಕಿಮರಿ ಕೂಗಿದಂತಹ ಒಂದು ಕೀಚಲು ಸದ್ದು ಶುರುವಾಯಿತು. ನೇರ ರಸ್ತೆಯಲ್ಲಿ ನಿಧಾನವಾಗಿ ಹೋಗುವಾಗ ಅದು ಸ್ಪಷ್ಟವಾಗಿ ಕೇಳಿಸುತ್ತದೆ, ವೇಗ ಏರಿದಂತೆ ಬೇಗಬೇಗ ಬರತೊಡಗಿ ಕೊನೆಗೆ ಟೈರಿನ ಸದ್ದಿನಲ್ಲಿ ಸೇರಿಹೋಗುತ್ತದೆ. ಕಳೆದ ವಾರದಿಂದ ಇನ್ನೊಂದು ತೊಂದರೆ ಸೇರಿಕೊಂಡಿದೆ: ಸ್ಟೇರಿಂಗನ್ನು ಎಡಕ್ಕೆ ಪೂರ್ತಿ ತಿರುಗಿಸಿ ಗಾಡಿಯನ್ನು ಮೆಲ್ಲಗೆ ಹೊರಡಿಸಿದರೆ, ಯಾರೋ ಕೆಳಗಿನಿಂದ ಹಿಡಿದು ಬಿಟ್ಟಂತೆ ಸ್ಟೇರಿಂಗ್ ಕೈಯಲ್ಲೇ ಜಗ್ಗುತ್ತದೆ.

ಒಂದು ಗ್ಯಾರೇಜಿನಲ್ಲಿ ತೋರಿಸಿದಾಗ ಚಕ್ರದ ಬೇರಿಂಗ್ ಹೋಗಿದೆ ಎಂದು ಹೇಳಿ ಎಡಗಡೆಯ ಹಬ್ಬನ್ನು (ಬೇರಿಂಗ್ ಸಮೇತ ಚಕ್ರವನ್ನು ಹಿಡಿದಿರುವ ಭಾಗ) ಬದಲಿಸಿಕೊಟ್ಟರು. ಸದ್ದು ಮಾತ್ರ ಇದ್ದಂತೆಯೇ ಇದೆ. ಇನ್ನೊಮ್ಮೆ ಊಹೆಯ ಮೇಲೆ ಬಿಡಿಭಾಗ ಬದಲಿಸಲು ನನಗೆ ಮನಸ್ಸಿಲ್ಲ. ತೊಂದರೆ ಆಕ್ಸಲ್ ಶಾಫ್ಟಿನ ಯು-ಜಾಯಿಂಟಿನಲ್ಲಿದೆಯೇ (ಚಕ್ರ ತಿರುಗಿಸುವ ಶಾಫ್ಟಿನ ಎರಡು ತುಂಡುಗಳನ್ನು ಬಾಗುವಂತೆ ಜೋಡಿಸುವ ಕೀಲು), ಡಿಫರೆನ್ಶಿಯಲ್ಲಿಗೆ ಬಲ ತರುವ ಮುಂದಿನ ಪ್ರೊಪೆಲ್ಲರ್ ಶಾಫ್ಟಿನಲ್ಲಿದೆಯೇ ಎಂಬುದನ್ನು ಬಿಚ್ಚುವ ಮೊದಲೇ ತಿಳಿಯುವ ದಾರಿ ಇದೆಯೇ? ಜಾಯಿಂಟೇ ಹೋಗಿದ್ದರೆ, ಒಂದು ಗಟ್ಟಿ ವೈಸ್ ಮತ್ತು ಸಾಧಾರಣ ಪಾನಾಗಳಿರುವ ನಾನು ಅದನ್ನು ಮನೆಯಲ್ಲೇ ಬದಲಿಸಬಹುದೇ?

ಮೂರನೇ ಗೇರ್ – ಉತ್ತರ

ಬಿಚ್ಚುವ ಮೊದಲೇ ತಿಳಿಯುವ ದಾರಿ ಇದೆ, ಅದಕ್ಕೆ ಯಾವ ಉಪಕರಣವೂ ಬೇಡ. ಸದ್ದನ್ನು ಎಣಿಸಿ. ಟಿಜೆಯಲ್ಲಿ ಹಬ್ಬನ್ನು ಶಾಫ್ಟಿನಿಂದ ಬಿಡಿಸುವ ಲಾಕ್ ಇಲ್ಲದಿರುವುದರಿಂದ ಟೂ ವೀಲ್‌ನಲ್ಲಿ (ಹಿಂದಿನ ಚಕ್ರಗಳಿಗೆ ಮಾತ್ರ ಎಂಜಿನ್ನಿನ ಬಲ ಹೋಗುವಾಗ) ಓಡಿಸುವಾಗಲೂ ಮುಂದಿನ ಆಕ್ಸಲ್ ಶಾಫ್ಟುಗಳು ಚಕ್ರದ ಜೊತೆಗೇ ತಿರುಗುತ್ತವೆ, ಅವುಗಳ ಹಿಂದೆ ಪ್ರೊಪೆಲ್ಲರ್ ಶಾಫ್ಟೂ ತಿರುಗುತ್ತದೆ. ಆದರೆ ಎರಡರ ವೇಗ ಒಂದೇ ಅಲ್ಲ. 30 ಇಂಚಿನ ಟೈರು ಒಂದು ಸುತ್ತಿಗೆ ಸುಮಾರು 2.4 ಮೀಟರ್ ಸಾಗುತ್ತದೆ. ಅಂದರೆ ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಚಕ್ರವೂ ಆಕ್ಸಲ್ ಶಾಫ್ಟೂ ಸೆಕೆಂಡಿಗೆ ಒಂದು ಸುತ್ತಿಗಿಂತ ತುಸು ಹೆಚ್ಚು ತಿರುಗುತ್ತವೆ, ಅದೇ ಹೊತ್ತಿನಲ್ಲಿ ಪ್ರೊಪೆಲ್ಲರ್ ಶಾಫ್ಟ್ 3.73 ಪಟ್ಟು, ಎಂದರೆ ನಾಲ್ಕಕ್ಕೂ ಹೆಚ್ಚು ಸುತ್ತು ತಿರುಗಿರುತ್ತದೆ. ಆ ವೇಗದಲ್ಲಿ ಕಿಟಕಿ ಇಳಿಸಿಕೊಂಡು ಒಂದು ಗೋಡೆಯ ಪಕ್ಕದಲ್ಲಿ ಓಡಿಸಿ ನೋಡಿ, ಗೋಡೆಗೆ ಬಡಿದು ಬರುವ ಸದ್ದು ಚೆನ್ನಾಗಿ ಕೇಳಿಸುತ್ತದೆ. ಸೆಕೆಂಡಿಗೆ ಒಂದೆರಡು ಸಲ ಕೀಚಲು ಬಂದರೆ ಆಕ್ಸಲ್ ಶಾಫ್ಟಿನ ಜಾಯಿಂಟನ್ನೂ, ಎಣಿಸಲಾಗದಷ್ಟು ಬೇಗಬೇಗ ಬಂದರೆ ಪ್ರೊಪೆಲ್ಲರ್ ಶಾಫ್ಟನ್ನೂ, ಅದರಲ್ಲೂ ಟ್ರಾನ್ಸ್‌ಫರ್ ಕೇಸಿನ (ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಗೇರ್ ಪೆಟ್ಟಿಗೆ) ಕಡೆಗಿರುವ ಜೋಡಿ ಜಾಯಿಂಟನ್ನು ಮೊದಲು ಅನುಮಾನಿಸಬೇಕು. ಎಣಿಕೆಯ ಮೇಲೆ ನಂಬಿಕೆ ಬಾರದಿದ್ದರೆ ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನು ಬಿಚ್ಚಿಟ್ಟು ಟೂ ವೀಲ್‌ನಲ್ಲೇ ಒಂದು ಸುತ್ತು ಹೋಗಿಬನ್ನಿ. ಆಗಲೂ ಸದ್ದು ಉಳಿದರೆ ಆ ಶಾಫ್ಟ್ ನಿರಪರಾಧಿ.

ಆಮೇಲೆ ಹಿಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಮುಂದಿನ ಆಕ್ಸಲ್ಲನ್ನು ಎತ್ತಿ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಟೂ ವೀಲ್‌ಗೆ ಹಾಕಿ, ಸ್ಟೇರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿ. ಚಕ್ರವನ್ನು ಕೈಯಿಂದ ನಿಧಾನವಾಗಿ ಸುತ್ತುತ್ತಾ ಜಾಯಿಂಟಿನ ನಾಲ್ಕೂ ಕಪ್ಪುಗಳ (ಸೂಜಿಯಂತಹ ಬೇರಿಂಗುಗಳಿರುವ ಬಟ್ಟಲಿನಾಕಾರದ ಮುಚ್ಚಳಗಳು) ಅಂಚನ್ನು ಟಾರ್ಚ್ ಹಿಡಿದು ನೋಡಿ. ಕಪ್ಪಿನ ಸೀಲಿನ ಸುತ್ತ ಕುಂಕುಮದಂತಹ ಕೆಂಪು ಪುಡಿ ಕಂಡರೆ ಒಳಗಿನ ಗ್ರೀಸ್ ಒಣಗಿ ಸೂಜಿ ಬೇರಿಂಗುಗಳು ತುಕ್ಕು ಹಿಡಿದಿವೆ ಎಂದೇ ಅರ್ಥ. ಬಳಿಕ ಒಳಗಿನ ಶಾಫ್ಟನ್ನು ಒಂದು ಕೈಯಲ್ಲಿ ಬಿಗಿಹಿಡಿದು, ಇನ್ನೊಂದು ಕೈಯಿಂದ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಅಲುಗಿಸಿ. ಶಾಫ್ಟನ್ನೇ ಹಿಡಿಯಬೇಕು, ಇಲ್ಲದಿದ್ದರೆ ಡಿಫರೆನ್ಶಿಯಲ್ ಗೇರುಗಳ ಸಹಜ ಸಡಿಲವನ್ನು ಜಾಯಿಂಟಿನ ತಲೆಗೆ ಕಟ್ಟುವಂತಾಗುತ್ತದೆ. ಜೊತೆಗೆ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ, ಸ್ಟೇರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಕೀಲುಗಳಾದ ಬಾಲ್ ಜಾಯಿಂಟುಗಳನ್ನೂ ನೋಡಿಬಿಡಿ.

ಉಕ್ಕಿನಸೂಜಿ – ಉತ್ತರ

ಸ್ಟೇರಿಂಗ್ ಜಗ್ಗುವ ವಿಷಯದಲ್ಲಿ ಒಂದು ಮಾತು. ಯು-ಜಾಯಿಂಟ್ ಬಾಗಿದ ಸ್ಥಿತಿಯಲ್ಲಿ ಸಮವೇಗದಲ್ಲಿ ತಿರುಗುವುದಿಲ್ಲ. 30 ಡಿಗ್ರಿ ಬಾಗಿದಾಗ ಹೊರಗಿನ ಶಾಫ್ಟಿನ ವೇಗ ಒಳಗಿನದರ 0.87 ಪಟ್ಟಿನಿಂದ 1.15 ಪಟ್ಟಿನವರೆಗೆ, ಒಂದೇ ಸುತ್ತಿನಲ್ಲಿ ಎರಡು ಸಲ ಏರಿ ಇಳಿಯುತ್ತದೆ. ಆದ್ದರಿಂದ ಫೋರ್ ವೀಲ್ ಹಾಕಿ ಪೂರ್ತಿ ತಿರುಗಿಸಿದಾಗ ಸ್ವಲ್ಪ ಜಗ್ಗುವುದು ಹೊಸ ಜಾಯಿಂಟಿನಲ್ಲೂ ಇರುತ್ತದೆ, ಅದನ್ನು ರೋಗವೆಂದು ಭಾವಿಸಬೇಡಿ. ಟೂ ವೀಲ್‌ನಲ್ಲಿ, ಎಂಜಿನ್ನಿನ ಬಲ ಮುಂದಕ್ಕೆ ಹೋಗದಿರುವಾಗಲೂ ಜಗ್ಗುತ್ತಿದ್ದರೆ ಜಾಯಿಂಟ್ ಎಲ್ಲೋ ಹಿಡಿದುಕೊಳ್ಳುತ್ತಿದೆ. ನಿಮ್ಮದು ಯಾವ ಬಗೆ ಎಂಬುದನ್ನು ನೀವು ಬರೆದಿಲ್ಲ.

ಕಾಡುದಾರಿ

ಇಬ್ಬರಿಗೂ ಧನ್ಯವಾದಗಳು. ಜಗ್ಗುವುದು ಟೂ ವೀಲ್‌ನಲ್ಲೇ. ಗೋಡೆಯ ಪಕ್ಕದಲ್ಲಿ ಓಡಿಸಿ ಎಣಿಸಿದೆ: 10 ಕಿಲೋಮೀಟರ್ ವೇಗದಲ್ಲಿ ಹತ್ತು ಸೆಕೆಂಡಿಗೆ ಹನ್ನೊಂದು ಹನ್ನೆರಡು ಸಲ ಕೀಚಲು ಬಂತು, ಚಕ್ರದ ಸುತ್ತಿಗೆ ಸರಿಯಾಗಿ ಹೊಂದುತ್ತದೆ. ಗಾಡಿಯನ್ನು ಎತ್ತಿ ನೋಡಿದಾಗ ಎಡಗಡೆಯ ಜಾಯಿಂಟಿನ ಒಂದು ಕಪ್ಪಿನ ಅಂಚಿನಲ್ಲಿ ನೀವು ಹೇಳಿದ ಕೆಂಪು ಪುಡಿ ಇದೆ. ಆದರೆ ಶಾಫ್ಟ್ ಹಿಡಿದು ಅಲುಗಿಸಿದರೆ ಕೂದಲೆಳೆಯಷ್ಟೂ ಸಡಿಲವಿಲ್ಲ, ಬಲಗಡೆಯದರಲ್ಲೂ ಇಲ್ಲ. ಸಡಿಲವಿಲ್ಲದ ಜಾಯಿಂಟನ್ನು ಹೋಗಿದೆ ಎಂದು ಹೇಳಬಹುದೇ?

ಹಳೆಯವೈಸ್ – ಉತ್ತರ

ಖಂಡಿತ ಹೇಳಬಹುದು. ಜಾಯಿಂಟ್ ಸಾಯುವುದು ಎರಡು ಬಗೆಯಲ್ಲಿ, ಒಂದು ಸಡಿಲವಾಗಿ, ಇನ್ನೊಂದು ಬಿಗಿಯಾಗಿ. ಸಡಿಲವಾದದ್ದು ಕೈಗೆ ಸಿಗುತ್ತದೆ, ತುಕ್ಕಿನಿಂದ ಬಿಗಿದುಕೊಂಡದ್ದು ಪರೀಕ್ಷೆಯಲ್ಲಿ ಹೊಸದರಂತೆಯೇ ಗಟ್ಟಿಯಾಗಿ ನಿಂತು ಮೋಸ ಮಾಡುತ್ತದೆ. ಗಾಡಿ ಹೆಚ್ಚು ಕಾಲ ನೇರವಾಗಿಯೇ ಓಡುವುದರಿಂದ ಸೂಜಿಗಳು ಉರುಳದೆ ಇದ್ದ ಜಾಗದಲ್ಲೇ ನಡುಗುತ್ತಾ ಕ್ರಾಸಿನ (ಜಾಯಿಂಟಿನ ನಡುವಿನ ನಾಲ್ಕು ತೋಳಿನ ಭಾಗ) ಮೇಲೆ ಗೀರುಗಳನ್ನು ಕೊರೆಯುತ್ತವೆ. ತಿರುವು ಬಂದಾಗ ಆ ಗೀರುಗಳಿಂದ ಮೇಲೆದ್ದು ಬರಲು ತಿಣುಕುವುದೇ ನಿಮ್ಮ ಕೈಗೆ ತಿಳಿಯುತ್ತಿರುವ ಜಗ್ಗಾಟ. ಎರಡೂ ಕಡೆಯ ಜಾಯಿಂಟುಗಳನ್ನು ಒಟ್ಟಿಗೆ ಬದಲಿಸಿ, ಏಕೆಂದರೆ ಬಲಗಡೆಯದೂ ಅದೇ ನೀರು ಕುಡಿದಿದೆ.

ವೈಸ್ ಇದ್ದರೆ ಮನೆಯಲ್ಲೇ ಮಾಡಬಹುದು. ಚಕ್ರ ನೆಲದ ಮೇಲಿರುವಾಗಲೇ ಸ್ಪ್ಲಿಟ್ ಪಿನ್ ತೆಗೆದು 36 ಮಿಲಿಮೀಟರಿನ ಸಾಕೆಟ್ಟಿನಿಂದ ಆಕ್ಸಲ್ ನಟ್ಟನ್ನು ಸಡಿಲಿಸಿಕೊಳ್ಳಿ. ಎತ್ತಿ, ಚಕ್ರ ತೆಗೆದು, ಬ್ರೇಕ್ ಕ್ಯಾಲಿಪರನ್ನು ತಂತಿಯಿಂದ ಕಟ್ಟಿ ತೂಗುಹಾಕಿ. ಅದು ತನ್ನ ಹೋಸಿನ ಮೇಲೆ ಜೋತುಬೀಳಬಾರದು. ಡಿಸ್ಕ್ ತೆಗೆದ ಮೇಲೆ ನಕಲ್ಲಿನ (ಹಬ್ ಕೂತಿರುವ, ಸ್ಟೇರಿಂಗಿನ ಜೊತೆ ತಿರುಗುವ ಭಾಗ) ಹಿಂದಿನಿಂದ ಹಬ್ಬನ್ನು ಹಿಡಿದಿರುವ ಮೂರು ಬೋಲ್ಟುಗಳಿರುತ್ತವೆ, ಅವಕ್ಕೆ 13 ಮಿಲಿಮೀಟರಿನ ಹನ್ನೆರಡು ಮೂಲೆಯ ಸಾಕೆಟ್ಟೇ ಬೇಕು. ಎಡಗಡೆಯ ಹಬ್ ಹೊಸದಾದ್ದರಿಂದ ಸುಲಭವಾಗಿ ಬರುತ್ತದೆ. ಬಲಗಡೆಯದು ನಕಲ್ಲಿಗೆ ತುಕ್ಕಿನಿಂದ ಅಂಟಿರುವುದು ಬಹುತೇಕ ಖಚಿತ, ಆದ್ದರಿಂದ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿಡಿ. ಬೋಲ್ಟುಗಳನ್ನು ಪೂರ್ತಿ ಬಿಚ್ಚದೆ ಕೆಲವು ಎಳೆ ಹೊರಗೆ ಬಿಟ್ಟು, ಅವುಗಳ ತಲೆಗೆ ಸರದಿಯಂತೆ ಸುತ್ತಿಗೆಯಿಂದ ಬಡಿಯುತ್ತಾ ಹಬ್ಬನ್ನು ಸ್ವಲ್ಪಸ್ವಲ್ಪವೇ ಹೊರಗೆ ತಳ್ಳಬೇಕು. ತಾಳ್ಮೆ ಬೇಕಾಗುವುದು ಇಲ್ಲಿಯೇ. ನನಗೆ ಒಂದು ಹಬ್ಬಿಗೆ ಇಡೀ ಮಧ್ಯಾಹ್ನ ಹಿಡಿದದ್ದೂ ಉಂಟು.

ಶಾಫ್ಟನ್ನು ಎಳೆಯುವ ಮೊದಲು ಆಕ್ಸಲ್ ಕೊಳವೆಯ ಬಾಯಲ್ಲಿ ಕೂಡಿರುವ ಮಣ್ಣನ್ನು ಕೆರೆದು ಬಟ್ಟೆಯಿಂದ ಒರೆಸಿ. ಈ ಆಕ್ಸಲ್ಲಿನ ಎಣ್ಣೆ ಸೀಲುಗಳಿರುವುದು ಕೊಳವೆಯ ತುದಿಯಲ್ಲಲ್ಲ, ಒಳಗೆ ಡಿಫರೆನ್ಶಿಯಲ್ಲಿನ ಪಕ್ಕದಲ್ಲಿ. ಶಾಫ್ಟನ್ನು ವಾಪಸು ಹಾಕುವಾಗ ಅದರ ಹಲ್ಲುಗಳು ಮಣ್ಣನ್ನು ಹೊತ್ತುಕೊಂಡು ಹೋಗಿ ಸೀಲಿನ ತುಟಿಯನ್ನು ಹರಿದರೆ, ಸೀಲ್ ಬದಲಿಸಲು ಡಿಫರೆನ್ಶಿಯಲ್ಲನ್ನೇ ಹೊರಗೆ ತೆಗೆಯಬೇಕಾಗುತ್ತದೆ. ಅರ್ಧ ದಿನದ ಕೆಲಸ ವಾರದ ಕೆಲಸವಾಗುವುದು ಹೀಗೆ. ಎಳೆಯುವಾಗಲೂ ತೂರಿಸುವಾಗಲೂ ಶಾಫ್ಟಿನ ಭಾರವನ್ನು ಕೈಯಲ್ಲೇ ಎತ್ತಿಹಿಡಿದಿರಿ.

ಜಾಯಿಂಟ್ ಬಿಚ್ಚಲು ಕ್ಲಿಪ್ಪುಗಳನ್ನು ತೆಗೆದು, ಶಾಫ್ಟನ್ನು ವೈಸಿನಲ್ಲಿ ಅಡ್ಡಲಾಗಿ ಇರಿಸಿ, ಒಂದು ಕಡೆ ಕಪ್ಪಿಗಿಂತ ಚಿಕ್ಕ ಸಾಕೆಟ್ಟನ್ನೂ ಇನ್ನೊಂದು ಕಡೆ ಕಪ್ ಒಳಗೆ ಸೇರುವಷ್ಟು ದೊಡ್ಡ ಸಾಕೆಟ್ಟನ್ನೂ ಕೊಟ್ಟು ವೈಸನ್ನು ಬಿಗಿಯುತ್ತಾ ಹೋಗಿ. ಹೊಸದನ್ನು ಕೂರಿಸುವಾಗ ಸೂಜಿಗಳು ಕಪ್ಪಿನ ಗೋಡೆಗೆ ಗ್ರೀಸಿನಲ್ಲಿ ಅಂಟಿ ನಿಂತಿವೆಯೇ ಎಂದು ಒಂದೊಂದು ಕಪ್ಪನ್ನೂ ನೋಡಿಯೇ ಹಾಕಿ. ಒಂದೇ ಒಂದು ಸೂಜಿ ಕಪ್ಪಿನ ತಳಕ್ಕೆ ಬಿದ್ದು ಅಡ್ಡ ಮಲಗಿದರೂ ಕಪ್ ಕೊನೆಯವರೆಗೆ ಹೋಗುವುದಿಲ್ಲ, ಕ್ಲಿಪ್ಪಿನ ತೋಡು ಕಾಣಿಸುವುದಿಲ್ಲ. ಆಗ ವೈಸಿಗೆ ಇನ್ನಷ್ಟು ಬಲ ಕೊಟ್ಟು ಒತ್ತಬಾರದು, ಕಪ್ಪನ್ನು ಹೊರತೆಗೆದು ನೋಡಬೇಕು. ನಾಲ್ಕೂ ಕ್ಲಿಪ್ಪುಗಳು ಕೂತ ಮೇಲೆ ಯೋಕಿನ (ಕಪ್ಪುಗಳು ಕೂರುವ, ಶಾಫ್ಟಿನ ಕವಲಾದ ತುದಿ) ಕಿವಿಗಳಿಗೆ ಹಿತ್ತಾಳೆಯ ಸುತ್ತಿಗೆಯಿಂದ ಒಂದೊಂದು ಪೆಟ್ಟು ಕೊಡಿ, ಒತ್ತಿ ಕೂರಿಸಿದ ಬಿಗಿ ಸಡಿಲಗೊಂಡು ಜಾಯಿಂಟ್ ಕೈಯಲ್ಲಿ ನುಣ್ಣಗೆ ಬಾಗುತ್ತದೆ. ಕೊನೆಯಲ್ಲಿ ಹಬ್ಬಿನ ಮೂರು ಬೋಲ್ಟುಗಳಿಗೆ 102 ನ್ಯೂಟನ್ ಮೀಟರ್, ಆಕ್ಸಲ್ ನಟ್ಟಿಗೆ 237 ನ್ಯೂಟನ್ ಮೀಟರ್ ಬಿಗಿ ಕೊಟ್ಟು ಹೊಸ ಸ್ಪ್ಲಿಟ್ ಪಿನ್ ಹಾಕಿ.

ಗ್ರೀಸ್ ತುಂಬಬಹುದಾದ ಜಾಯಿಂಟ್ ಒಳ್ಳೆಯದೋ, ಮುಚ್ಚಿದ್ದು ಒಳ್ಳೆಯದೋ ಎಂಬ ಪ್ರಶ್ನೆ ಮುಂದೆ ಬಂದೇ ಬರುತ್ತದೆ. ನನ್ನ ಆಯ್ಕೆ ಮುಚ್ಚಿದ್ದು, ಏಕೆಂದರೆ ಗ್ರೀಸ್ ಹೋಗಲು ಕೊರೆದ ರಂಧ್ರಗಳಿಲ್ಲದ ಕ್ರಾಸ್ ಹೆಚ್ಚು ಗಟ್ಟಿ.

ಉಕ್ಕಿನಸೂಜಿ – ಉತ್ತರ

ಹಳೆಯವೈಸ್ ಅವರು ಬರೆದ ಕ್ರಮವನ್ನು ಒಪ್ಪುತ್ತೇನೆ. ಮುಚ್ಚಿದ ಜಾಯಿಂಟಿನ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ: ಮೇಲಿಂದ ಮೇಲೆ ನೀರು ದಾಟುವ ಗಾಡಿಗೆ, ಪ್ರತಿ ಸಲವೂ ಹೊಸ ಗ್ರೀಸ್ ಒತ್ತಿ ಹಳೆಯ ಗ್ರೀಸನ್ನೂ ನೀರನ್ನೂ ಹೊರದೂಡುವ ಶಿಸ್ತು ಮಾಲೀಕರಿಗಿದ್ದರೆ, ಗ್ರೀಸ್ ತುಂಬುವ ಜಾಯಿಂಟೇ ಹೆಚ್ಚು ಬಾಳುತ್ತದೆ. ಆ ಶಿಸ್ತು ಇಲ್ಲದವರಿಗೆ ಅವರ ಮಾತೇ ಸರಿ.

ಆದರೆ ಇದಕ್ಕಿಂತ ದೊಡ್ಡ ವಿಷಯವೊಂದು ಬಿಟ್ಟುಹೋಗಿದೆ. ಜಾಯಿಂಟ್ ಬಿಚ್ಚಿದ ಕೂಡಲೇ ಹೊಸದನ್ನು ಕೈಗೆತ್ತಿಕೊಳ್ಳಬೇಡಿ, ಮೊದಲು ಯೋಕಿನ ಕಿವಿಯ ತೂತುಗಳನ್ನು ಪರೀಕ್ಷಿಸಿ. ನನ್ನ ಗಾಡಿಯಲ್ಲಿ ಹೊಸ ಜಾಯಿಂಟ್ ಹಾಕಿದ ನಾಲ್ಕು ತಿಂಗಳಿಗೆ ಟಕ್ ಟಕ್ ಸದ್ದು ಮರಳಿ ಬಂತು. ಜಾಯಿಂಟೇ ಕಳಪೆ ಎಂದುಕೊಂಡು ಇನ್ನೊಂದನ್ನು ತಂದು ಹಾಕಿದೆ, ಅದೂ ಹಾಗೆಯೇ ಆಯಿತು. ಮೂರನೆಯ ಸಲ ಬಿಚ್ಚಿದಾಗ ತೂತಿನೊಳಗೆ ಒಂದು ಬದಿಯಲ್ಲಿ ಉಗುರಿನಗಲದ ಭಾಗ ಕನ್ನಡಿಯಂತೆ ಹೊಳೆಯುತ್ತಿದ್ದುದು ಕಣ್ಣಿಗೆ ಬಿತ್ತು. ಹೊಸ ಕಪ್ಪನ್ನು ಅದರಲ್ಲಿ ಇಟ್ಟರೆ ವೈಸಿನ ಅಗತ್ಯವೇ ಇಲ್ಲದೆ ಹೆಬ್ಬೆರಳಿನ ಒತ್ತಡಕ್ಕೆ ಒಳಗೆ ಹೋಯಿತು, ಒಳಗೆ ಹೋಗಿ ತಿರುಗಿತು. ಬಿಗಿದುಕೊಂಡ ಜಾಯಿಂಟಿನಲ್ಲಿ ಸೂಜಿಗಳು ತಿರುಗದಿರುವುದರಿಂದ ಕಪ್ಪೇ ಯೋಕಿನೊಳಗೆ ತಿರುಗತೊಡಗಿ ತೂತನ್ನು ಮೊಟ್ಟೆಯಾಕಾರಕ್ಕೆ ತಂದಿರುತ್ತದೆ. ಅಂತಹ ಯೋಕಿಗೆ ಎಷ್ಟು ಒಳ್ಳೆಯ ಜಾಯಿಂಟ್ ಹಾಕಿದರೂ ಅದು ನಿಲ್ಲುವುದಿಲ್ಲ, ಶಾಫ್ಟನ್ನೇ ಬದಲಿಸಬೇಕು. ಕಪ್ಪನ್ನು ಯೋಕಿಗೆ ವೆಲ್ಡಿಂಗ್ ಚುಕ್ಕೆಯಿಂದ ಹಿಡಿಸುವವರಿದ್ದಾರೆ. ಕಾಡಿನ ನಡುವೆ ಬೇರೆ ದಾರಿಯಿಲ್ಲದಾಗ ಅದು ಸರಿ, ಆದರೆ ಆ ಕಾವು ಕಪ್ಪಿನೊಳಗಿನ ಗ್ರೀಸನ್ನೂ ಸೀಲನ್ನೂ ಸುಡುತ್ತದೆ.

ಇನ್ನೊಂದು ಎಚ್ಚರಿಕೆಯ ಮಾತು. ದಾರಿಯಲ್ಲೇ ಜಾಯಿಂಟ್ ಮುರಿದು ಶಾಫ್ಟ್ ತೆಗೆಯಬೇಕಾಗಿ ಬಂದರೆ, ಹೊರಗಿನ ತುಂಡನ್ನು ಹಬ್ಬಿನಲ್ಲೇ ಉಳಿಸಿ ನಟ್ಟನ್ನು ಪೂರ್ತಿ ಬಿಗಿದು ಓಡಿಸಿ. ಈ ಹಬ್ಬಿನ ಬೇರಿಂಗನ್ನು ಹಿಡಿದಿಡುವುದೇ ಆ ತುಂಡು ಮತ್ತು ಆ ನಟ್ಟು. ಖಾಲಿ ಹಬ್ಬಿನ ಮೇಲೆ ಓಡಿಸಿದರೆ ಬೇರಿಂಗ್ ಬೇರ್ಪಟ್ಟು ಚಕ್ರವೇ ಕಳಚಿಹೋಗಬಹುದು. ಒಳಗಿನ ತುಂಡನ್ನು ತೆಗೆದ ಕೊಳವೆಗೆ ಬಟ್ಟೆ ತುರುಕಿ, ಇಲ್ಲದಿದ್ದರೆ ಡಿಫರೆನ್ಶಿಯಲ್ ಎಣ್ಣೆ ದಾರಿಯುದ್ದಕ್ಕೂ ಸೋರುತ್ತದೆ.

ಕಾಡುದಾರಿ

ಕೆಲಸ ಮುಗಿಯಿತು. ಎಡಗಡೆಯ ಜಾಯಿಂಟನ್ನು ಬಿಚ್ಚಿದಾಗ ಕೆಂಪು ಪುಡಿಯಿದ್ದ ಕಪ್ಪಿನೊಳಗೆ ಸೂಜಿಗಳೇ ಉಳಿದಿರಲಿಲ್ಲ. ಕಪ್ಪನ್ನು ಅಂಗೈ ಮೇಲೆ ಬೋರಲು ಹಾಕಿದರೆ ಕಾಫಿಪುಡಿಯಂತಹ ಒಣ ತುಕ್ಕು ಮತ್ತು ಮುರಿದ ನಾಲ್ಕೈದು ಚೂರುಗಳು ಬಿದ್ದವು. ಕ್ರಾಸಿನ ಆ ತೋಳಿನ ಮೇಲೆ ಬಾಚಣಿಗೆಯ ಹಲ್ಲುಗಳಂತೆ ಸಾಲಾಗಿ ಗೀರುಗಳಿದ್ದವು, ಉಗುರು ಆಡಿಸಿದರೆ ಒಂದೊಂದರಲ್ಲೂ ಸಿಕ್ಕಿಕೊಳ್ಳುತ್ತಿತ್ತು. ಇಷ್ಟಾಗಿಯೂ ಹೊರಗಿನಿಂದ ಅಲುಗಿಸಿದಾಗ ಅದು ಬಂಡೆಯಂತೆ ನಿಂತಿತ್ತು.

ಉಕ್ಕಿನಸೂಜಿಯವರ ಮಾತು ಕೇಳಿ ತೂತುಗಳನ್ನು ಒರೆಸಿ ನೋಡಿದ್ದಕ್ಕೆ ಕೃತಜ್ಞನಾಗಿದ್ದೇನೆ. ಒಳಗಿನ ಶಾಫ್ಟಿನ ಎರಡು ತೂತುಗಳೂ ಸರಿಯಾಗಿದ್ದವು, ಹೊರಗಿನ ತುಂಡಿನ ಒಂದು ತೂತಿನಲ್ಲಿ ಮಾತ್ರ ಅದೇ ಹೊಳಪಿತ್ತು, ಕಪ್ ಬೆರಳಿಗೆ ತಿರುಗುತ್ತಿತ್ತು. ಹೊರಗಿನ ತುಂಡನ್ನು ಬೇರೆ ತರಿಸಿಕೊಂಡೆ, ಹತ್ತು ದಿನ ಕಾಯಬೇಕಾಯಿತು. ಬಲಗಡೆಯ ಹಬ್ ಎರಡು ದಿನ ಎಣ್ಣೆ ಕುಡಿದ ಮೇಲೆ ಬಂತು, ಆ ಕಡೆಯ ತೂತುಗಳೆಲ್ಲ ಸರಿಯಾಗಿದ್ದವು. ಒಂದು ಕಪ್ ಕೊನೆಯ ಎರಡು ಮಿಲಿಮೀಟರ್ ಹೋಗದೆ ನಿಂತಾಗ ಹೊರತೆಗೆದು ನೋಡಿದರೆ ನಿಜಕ್ಕೂ ಒಂದು ಸೂಜಿ ತಳದಲ್ಲಿ ಮಲಗಿತ್ತು. ನೀರು ದಾಟುವುದು ನನಗೆ ತಪ್ಪದ್ದರಿಂದ ಗ್ರೀಸ್ ತುಂಬುವ ಜಾಯಿಂಟುಗಳನ್ನೇ ಹಾಕಿದ್ದೇನೆ.

ಈಗ ಕೀಚಲು ಸದ್ದು ಇಲ್ಲ, ಟೂ ವೀಲ್‌ನಲ್ಲಿ ಸ್ಟೇರಿಂಗ್ ಎರಡೂ ಕಡೆಗೆ ನೀರಿನಂತೆ ತಿರುಗುತ್ತದೆ. ಫೋರ್ ವೀಲ್ ಹಾಕಿ ಮಣ್ಣಿನಲ್ಲಿ ಪೂರ್ತಿ ತಿರುಗಿಸಿದಾಗ ಸಣ್ಣ ಜಗ್ಗಾಟ ಉಳಿದಿದೆ. ನಿನ್ನೆ ಕಲ್ಲುದಾರಿಯಲ್ಲಿ ಮೊದಲ ಸಲ ಓಡಿಸಿ ಬಂದ ಮೇಲೆ ಕೆಳಗೆ ಮಲಗಿ ಟಾರ್ಚ್ ಹಿಡಿದು ನೋಡಿದೆ. ಎಂಟು ಕ್ಲಿಪ್ಪುಗಳೂ ತಮ್ಮ ತೋಡಿನಲ್ಲಿ ಕೂತಿವೆ.