ಸೌಮ್ಯಾ, ಮಾವನವರಿಗೆ ಕೊಡುವ ಆ ಲೋಟ ಇವತ್ತೇ ನಿಲ್ಲಲಿ

ಸೌಮ್ಯಾ, ಖನಿಜಾಂಶ ಸಿಗಲಿ ಎಂದು ಮಾವನವರಿಗೆ ಬೆಳಗ್ಗೆ ಎಳನೀರು, ಸಂಜೆ ಮೂಸಂಬಿ ರಸ ಕೊಡುತ್ತಿದ್ದೇವೆ, ಆದರೂ ಕಾಲು ಸೋಲುತ್ತಿದೆ ಎನ್ನುತ್ತಾರೆ, ಇನ್ನೊಂದು ಲೋಟ ಹೆಚ್ಚಿಸಲೇ ದೊಡ್ಡಮ್ಮ ಎಂದು ಕೇಳಿದ್ದೀಯ. ನನ್ನ ಎದೆ ಧಸಕ್ಕೆಂದಿತು. ಕಿಡ್ನಿ ಎಷ್ಟು ಸೋತಿದೆ ಎಂದು ತೋರಿಸುವ ಅವರ ರಕ್ತದ ಕ್ರಿಯಾಟಿನಿನ್ ಎರಡರ ಹತ್ತಿರ ಬಂದಿದೆ ಎಂದು ಯುಗಾದಿಗೆ ಬಂದಾಗ ನೀನೇ ಹೇಳಿದ್ದೆ. ಕಿಡ್ನಿ ಸೋತವರಿಗೆ ಡಾಕ್ಟರನ್ನು ಕೇಳದೆ ಎಳನೀರು, ಹಣ್ಣಿನ ರಸ ಕೊಡಬಾರದು ಕಣಮ್ಮ.

ನಮ್ಮವರಿಗೆ ಆದದ್ದು ನಿಮಗೆಲ್ಲ ಗೊತ್ತೇ ಇದೆ, ಏಕೆ ಆಯಿತು ಎಂಬುದನ್ನು ಮಾತ್ರ ಯಾರೂ ಕಿವಿಗೊಟ್ಟು ಕೇಳಲಿಲ್ಲ. ಆ ಬೇಸಿಗೆಯಲ್ಲಿ ಸುಸ್ತು ಸುಸ್ತು ಎನ್ನುತ್ತಿದ್ದರು. ತಿಪಟೂರಿನ ತೋಟದಿಂದ ಮೂಟೆಗಟ್ಟಲೆ ಎಳನೀರು ಬಂತು. ದೇಹಕ್ಕೆ ತಂಪು, ನಿಶ್ಶಕ್ತಿ ಹೋಗುತ್ತದೆ ಎಂದು ಮನೆಗೆ ಬಂದವರೆಲ್ಲ ಕೊಚ್ಚಿ ಕೊಚ್ಚಿ ಕೊಟ್ಟರು. ಎಳನೀರಿನಲ್ಲಿ ಪೊಟ್ಯಾಸಿಯಂ ಎಂಬ ಖನಿಜ ಹೆಚ್ಚು. ಬಿ.ಪಿ.ಗೆ ನುಂಗುತ್ತಿದ್ದದ್ದು ಟೆಲ್ಮಿಸಾರ್ಟನ್, ಅದೂ ಪೊಟ್ಯಾಸಿಯಂ ಅನ್ನು ದೇಹದಲ್ಲೇ ಉಳಿಸುವ ಮಾತ್ರೆ. ಒಂದು ಬೆಳಗ್ಗೆ ಬಚ್ಚಲಿನ ಮಣೆಯಿಂದ ಏಳಲು ಹೋದರೆ ತೊಡೆಯಲ್ಲಿ ಬಲವೇ ಇಲ್ಲ. ಕೈ ಹಿಡಿದು ನೋಡಿದರೆ ನಾಡಿ ನಿಂತು ನಿಂತು ಬಡಿಯುತ್ತಿತ್ತು. ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದ ಹುಡುಗಿ ಕಾಗದ ಹರಿದುಕೊಂಡು ಡಾಕ್ಟರ ಕೋಣೆಗೆ ಓಡಿದಳು. ರಕ್ತದಲ್ಲಿ 5ರ ಒಳಗೆ ನಿಲ್ಲಬೇಕಾದ ಪೊಟ್ಯಾಸಿಯಂ 6.9 ಆಗಿತ್ತು! ಮೊದಲು ಹೃದಯದ ರಕ್ಷಣೆಗೆ ಕ್ಯಾಲ್ಸಿಯಂ ಇಂಜೆಕ್ಷನ್, ಆಮೇಲೆ ಗ್ಲೂಕೋಸ್ ಜೊತೆ ಇನ್ಸುಲಿನ್. ಇವರಿಗೆ ಸಕ್ಕರೆ ಕಾಯಿಲೆಯೇ ಇಲ್ಲವಲ್ಲ ಎಂದು ಗಾಬರಿಯಿಂದ ಕೇಳಿದೆ. ರಕ್ತದಲ್ಲಿರುವ ಪೊಟ್ಯಾಸಿಯಂ ಅನ್ನು ಇನ್ಸುಲಿನ್ ಜೀವಕೋಶಗಳ ಒಳಗೆ ತಳ್ಳುತ್ತದೆ ಅಮ್ಮಾ, ಇಲ್ಲದಿದ್ದರೆ ಹೃದಯವೇ ನಿಂತೀತು ಎಂದರು ಡಾಕ್ಟರು.

ಹಣ್ಣಿನ ರಸದಲ್ಲಿ ಖನಿಜ ಇಲ್ಲವೆಂದಲ್ಲ. ಇರುವುದರಲ್ಲಿ ಸಿಂಹಪಾಲು ಪೊಟ್ಯಾಸಿಯಂನದು. ಒಂದು ದೊಡ್ಡ ಲೋಟ ಎಳನೀರಿನಲ್ಲಿ 400ರಿಂದ 600 ಮಿಲಿಗ್ರಾಂ, ಕಿತ್ತಳೆ ರಸದಲ್ಲೂ ಹೆಚ್ಚುಕಡಿಮೆ ಅಷ್ಟೇ. ಕಿಡ್ನಿ ಗಟ್ಟಿಯಾಗಿದ್ದರೆ ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ, ಸೋತಿದ್ದರೆ ರಕ್ತದಲ್ಲೇ ಉಳಿಯುತ್ತದೆ. ದಾಳಿಂಬೆ ರಸ ಕುಡಿದರೆ ರಕ್ತ ಏರುತ್ತದೆ ಎಂದು ನಿನ್ನೆ ನಮ್ಮ ಈ ಗುಂಪಿನಲ್ಲೇ ಯಾರೋ ಹಾಕಿದ್ದರು. 100 ಗ್ರಾಂ ದಾಳಿಂಬೆಯಲ್ಲಿ ಕಬ್ಬಿಣ ಅರ್ಧ ಮಿಲಿಗ್ರಾಂ ಕೂಡ ಇಲ್ಲ, ಬಣ್ಣ ನೋಡಿ ನಂಬಬೇಡಿ. ಮತ್ತೊಮ್ಮೆ ಹೇಳುತ್ತೇನೆ, ಕಿಡ್ನಿ ಸೋತವರಿಗೆ ಡಾಕ್ಟರನ್ನು ಕೇಳದೆ ಎಳನೀರು, ಹಣ್ಣಿನ ರಸ ಕೊಡಬೇಡಿ.

ಈ ಮಾತು ಆಗಲೇ ಹೇಳಬೇಕಿತ್ತು. ಇವರು ಐ.ಸಿ.ಯು.ನಲ್ಲಿ ಮಲಗಿದ್ದಾಗ ನೋಡಲು ಬಂದವರೆಲ್ಲ ಮತ್ತೆ ಮೂಸಂಬಿ ಚೀಲ ಹಿಡಿದೇ ಬಂದರು. ಡಾಕ್ಟರು ಏನೆಂದರು ಎಂದು ಕೇಳಿದವರಿಲ್ಲ, ಒಂದು ರಾತ್ರಿ ನಾನು ಕೂರುತ್ತೇನೆ, ನೀವು ಮನೆಗೆ ಹೋಗಿ ಸ್ವಲ್ಪ ಮಲಗಿ ಬನ್ನಿ ಅತ್ತಿಗೆ ಎಂದವರಿಲ್ಲ. ಮೂಟೆ ಕಳಿಸಿದವರಂತೂ ಆಸ್ಪತ್ರೆಯ ಬಾಗಿಲಿಗೂ ಬರಲಿಲ್ಲ, ತೋಟದಲ್ಲಿ ಕಾಯಿ ಕೀಳಿಸುವ ಕೆಲಸವಂತೆ. ಸ್ವಂತ ಅಣ್ಣನಿಗಿಂತ ಕಾಯಿ ಹೆಚ್ಚೇ? ಇವರು ಇಂದಿಗೂ ಆ ವಿಷಯ ಎತ್ತುವುದಿಲ್ಲ. ನನಗೆ ಮರೆಯಲಾಗಿಲ್ಲ.

ಇರಲಿ ಸೌಮ್ಯಾ, ಮಾತಿನ ಭರದಲ್ಲಿ ಮುಖ್ಯವಾದದ್ದೇ ಬಿಟ್ಟುಹೋಯಿತು. ಕಾಲು ಸೋಲುತ್ತಿದೆ ಎನ್ನುತ್ತಿರುವುದರಿಂದ ನಾಳೆಗೆ ಕಾಯಬೇಡ, ಇವತ್ತೇ ಕರೆದುಕೊಂಡು ಹೋಗಿ ಕ್ರಿಯಾಟಿನಿನ್ ಜೊತೆಗೆ ರಕ್ತದ ಪೊಟ್ಯಾಸಿಯಂ (ಸೀರಂ ಪೊಟ್ಯಾಸಿಯಂ) ಪರೀಕ್ಷೆ ಮಾಡಿಸು, ಇ.ಸಿ.ಜಿ.ಯನ್ನೂ ತೆಗೆಯಲು ಹೇಳು. ಬಿ.ಪಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಮಾತ್ರೆಗಳ ಚೀಟಿಯನ್ನೆಲ್ಲ ಡಾಕ್ಟರಿಗೆ ತೋರಿಸಿ. ಅಡುಗೆಗೆ ಸೋಡಿಯಂ ಕಡಿಮೆ ಇರುವ ಉಪ್ಪು ತಂದಿದ್ದರೆ ಪೊಟ್ಟಣದ ಹಿಂದೆ ಓದು, ಪೊಟ್ಯಾಸಿಯಂ ಕ್ಲೋರೈಡ್ ಎಂದಿದ್ದರೆ ಅದನ್ನೂ ಹಾಕಬೇಡ. ವರದಿ ಬಂದ ಕೂಡಲೇ ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.