ಮಲೆನಾಡಿನ ತೋಟದ ದಾರಿಗೆ ಟ್ರಯಲ್ಸ್ ಟೈರ್ ಹೊಂದುತ್ತದೆಯೇ? ಟೈರ್ ಅಂಗಡಿಯವರೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಮಳೆಗಾಲ ಹತ್ತಿರ ಬಂದಿದೆ. ಟ್ರಯಲ್ಸ್ ಟೈರ್ ಹಾಕಿಸಬಹುದೇ ಎಂದು ತುಂಬಾ ಜನ ಕೇಳುತ್ತಿದ್ದೀರಿ. ಚಿಕ್ಕಮಗಳೂರಿನಲ್ಲಿ ಟೈರ್ ಅಂಗಡಿ ನಡೆಸುವ ನಮ್ಮ ಗುಂಪಿನ ಅಣ್ಣ ಈ ಸಂಜೆ ಉತ್ತರಿಸುತ್ತಾರೆ. ಬೈಕ್ ಯಾವುದು, ಟೈರಿನ ಅಳತೆ ಎಷ್ಟು, ಎಲ್ಲಿ ಓಡಿಸುತ್ತೀರಿ, ಈ ಮೂರನ್ನೂ ಬರೆದು ಕೇಳಿ.

ಬೆಂಗಳೂರಿನ ಸದಸ್ಯ: ನಮಸ್ಕಾರ ಸರ್. ಟ್ರಯಲ್ಸ್ ಟೈರಿಗೂ ಸಾಮಾನ್ಯ ಬಟನ್ ಟೈರಿಗೂ ಏನು ವ್ಯತ್ಯಾಸ?

ಟೈರ್ ಅಂಗಡಿ: ನಮಸ್ಕಾರ. ಟ್ರಯಲ್ಸ್ ವೇಗದ ಸ್ಪರ್ಧೆಯಲ್ಲ. ಬಂಡೆ, ಬೇರು, ಹಳ್ಳ ದಾಟುವಾಗ ಕಾಲನ್ನು ನೆಲಕ್ಕೆ ಊರಬಾರದು, ಊರಿದರೆ ದಂಡದ ಅಂಕ. ಬೈಕಿನ ತೂಕ ಸುಮಾರು 70 ಕಿಲೋ, ಸವಾರ ನಿಂತೇ ಓಡಿಸುತ್ತಾನೆ. ಮುಂದೆ 2.75-21, ಹಿಂದೆ 4.00-18 ಟೈರ್ (ಕೊನೆಯ ಅಂಕಿ ರಿಮ್ಮಿನ ಇಂಚು). ರಬ್ಬರ್ ಮೃದು, ಪಕ್ಕೆಯೂ ಮೃದು. ಸ್ಪರ್ಧೆಯ ನಿಯಮದ ಪ್ರಕಾರ ಬಟನ್‌ಗಳ, ಅಂದರೆ ಟೈರಿನ ಮೇಲಿನ ಉಬ್ಬು ತುಂಡುಗಳ, ಎತ್ತರ 13 ಮಿಲಿಮೀಟರ್ ಮೀರಬಾರದು, ನಡುವಿನ ಸಂದುಗಳಿಗೂ ಮಿತಿಯಿದೆ. ಹಾಗಾಗಿ ಬಟನ್‌ಗಳು ಒತ್ತೊತ್ತಾಗಿರುತ್ತವೆ. ಗಾಳಿ ಕಡಿಮೆ ಇದ್ದಾಗ ಟೈರ್ ಚಪ್ಪಟೆಯಾಗಿ ಕಲ್ಲನ್ನು ಅಪ್ಪಿಕೊಳ್ಳುತ್ತದೆ. ಮೋಟೋಕ್ರಾಸ್ ಟೈರಿನ ಬಟನ್ ಎತ್ತರವಾಗಿ, ದೂರ ದೂರವಾಗಿ ಇರುತ್ತದೆ. ಅದು ಮಣ್ಣನ್ನು ಅಗೆದು ಮುಂದೆ ಹೋಗುತ್ತದೆ.

ಕೊಡಗಿನ ಸದಸ್ಯೆ: ನನ್ನ ಬಳಿ ಸ್ಪರ್ಧೆಯ ಟ್ರಯಲ್ಸ್ ಬೈಕೇ ಇದೆ ಅಣ್ಣ. ಹಿಂದೆ ಟ್ಯೂಬ್‌ಲೆಸ್, ಮುಂದೆ ಟ್ಯೂಬ್. ಗಾಳಿ ಎಷ್ಟಿರಬೇಕು?

ಟೈರ್ ಅಂಗಡಿ: ಹಿಂದೆ 4ರಿಂದ 5 ಪಿಎಸ್‌ಐ, ಮುಂದೆ 6ರ ಆಸುಪಾಸು. ಪೆಟ್ರೋಲ್ ಬಂಕಿನ ಮೀಟರ್ ಇಷ್ಟು ಕೆಳಗೆ ಸರಿಯಾಗಿ ತೋರಿಸುವುದಿಲ್ಲ. 15 ಪಿಎಸ್‌ಐವರೆಗೆ ಮಾತ್ರ ಅಳೆಯುವ ಸಣ್ಣ ಮೀಟರ್ ಇಟ್ಟುಕೊಳ್ಳಿ. ಹಿಂದಿನ ಟೈರಿನ ಬಟನ್ ಅಂಚು ದುಂಡಗಾಗಿದ್ದರೆ, ಪಕ್ಕೆಯಲ್ಲಿ ಬಾಣದ ಗುರುತು ಇಲ್ಲದಿದ್ದರೆ, ತಿರುಗಿಸಿ ಹಾಕಿ. ಹಿಂಬದಿಯ ಚೂಪು ಅಂಚು ಮುಂದೆ ಬರುತ್ತದೆ. ಈ ಟೈರಿನ ಹಿಡಿತವೆಲ್ಲ ಆ ಅಂಚಿನಲ್ಲೇ ಇದೆ.

ಹಾಸನದ ಸದಸ್ಯ: ಹಿಮಾಲಯನ್ 411ಕ್ಕೆ 4.00-18 ಕೂರುತ್ತದೆಯೇ?

ಟೈರ್ ಅಂಗಡಿ: ಇಲ್ಲ. ಹಿಂದಿನ ಚಕ್ರ 17 ಇಂಚು.

ಶೃಂಗೇರಿಯ ಸದಸ್ಯ: ಹಿಮಾಲಯನ್ 450ಕ್ಕೆ?

ಟೈರ್ ಅಂಗಡಿ: ಅದೂ 17. ಮೇಲೆ ಓದಿ.

ತೀರ್ಥಹಳ್ಳಿಯ ಸದಸ್ಯ: ನನ್ನದು ಆರ್‌ಎಕ್ಸ್ 100. ಟ್ರಯಲ್ಸ್ ಬೈಕ್ ಮಾಡಬೇಕೆಂದಿದ್ದೇನೆ. ಯಾವ ಅಳತೆ ಹಾಕಲಿ?

ಸಾಗರದ ಸದಸ್ಯ: ಇದು ಬೇರೊಂದು ಗುಂಪಿನಿಂದ ಬಂದದ್ದು, ಎಲ್ಲರಿಗೂ ಉಪಯೋಗವಾಗಲಿ: "ಹಳೆಯ ಗಟ್ಟಿ ಟೈರಿಗೆ ಸೀಮೆಎಣ್ಣೆ ಮತ್ತು ಕೊಬ್ಬರಿ ಎಣ್ಣೆ ಸಮ ಬೆರೆಸಿ ಎರಡು ರಾತ್ರಿ ಹಚ್ಚಿದರೆ ಹೊಸದರಂತೆ ಮೃದುವಾಗುತ್ತದೆ."

ಟೈರ್ ಅಂಗಡಿ: ಹಚ್ಚಬೇಡಿ. ಸೀಮೆಎಣ್ಣೆ ರಬ್ಬರನ್ನು ಊದಿಸುತ್ತದೆ. ಮುಟ್ಟಿದರೆ ಮೃದು ಎನಿಸುವುದು ಅದಕ್ಕೇ. ಅದು ರಬ್ಬರ್ ಹಾಳಾಗುತ್ತಿರುವ ಲಕ್ಷಣ, ಬಟನ್ ಬುಡದಲ್ಲಿ ಹರಿಯುತ್ತದೆ. ಎಣ್ಣೆ ಮೆತ್ತಿದ ಟೈರ್ ಒದ್ದೆ ಕಲ್ಲಿನ ಮೇಲೆ ಏನು ಮಾಡುತ್ತದೆಂದು ನಾನು ಹೇಳಬೇಕಾಗಿಲ್ಲ. ಪಕ್ಕೆಯ ಮೇಲೆ ನಾಲ್ಕು ಅಂಕಿಗಳಿರುತ್ತವೆ. 3318 ಎಂದಿದ್ದರೆ 2018ರ 33ನೆಯ ವಾರ ತಯಾರಾದದ್ದು. ಗಟ್ಟಿಯಾದ ಟೈರನ್ನು ಮೃದು ಮಾಡುವ ಔಷಧ ಯಾವುದೂ ಇಲ್ಲ, ಬದಲಿಸಬೇಕು.

ಮೂಡಿಗೆರೆಯ ಸದಸ್ಯ: ಅಣ್ಣ, ನನ್ನದು ಎಕ್ಸ್‌ಪಲ್ಸ್ 200. ಹಿಂದಿನ 120/80-18 ತೆಗೆದು, ಬಳಸಿದ ಟ್ರಯಲ್ಸ್ 4.00-18 ರೇಡಿಯಲ್ ಹಾಕಿಸಿದ್ದೇನೆ, ಒಳಗೆ ಟ್ಯೂಬ್ ಇದೆ. ತೋಟದ ಏರಿನಲ್ಲಿ ಅದ್ಭುತ ಹಿಡಿತ. ಮೊದಲು ತಳ್ಳಿಕೊಂಡು ಹೋಗುತ್ತಿದ್ದ ಪಾಚಿ ಬಂಡೆಯ ಮೇಲೆ ಈಗ ಹತ್ತುತ್ತೇನೆ. ಗಾಳಿ 7 ಪಿಎಸ್‌ಐ. ತಮ್ಮನನ್ನು ಕೂರಿಸಿಕೊಂಡು ಹಾಸನಕ್ಕೆ ಹೋಗುವಾಗ 80ರ ವೇಗದಲ್ಲಿ ತಿರುವಿನಲ್ಲಿ ಹಿಂಭಾಗ ಓಲಾಡುತ್ತದೆ. ವಾಲ್ವ್ ಸ್ವಲ್ಪ ವಾಲಿದೆ. ಅಲೈನ್‌ಮೆಂಟ್ ಮಾಡಿಸಿದರೆ ಸರಿಹೋಗುತ್ತದೆಯೇ?

ಟೈರ್ ಅಂಗಡಿ: ಇದನ್ನು ಎಲ್ಲರೂ ಓದಿ.

ತಮ್ಮಾ, ಮೊದಲು ಆ ಬೈಕನ್ನು ಡಾಂಬರು ರಸ್ತೆಗೆ ಇಳಿಸುವುದನ್ನು ನಿಲ್ಲಿಸು. ಅಲೈನ್‌ಮೆಂಟ್ ಆಮೇಲೆ. ವಾಲ್ವ್ ವಾಲಿದೆ ಎಂದರೆ ಟೈರ್ ರಿಮ್ಮಿನ ಮೇಲೆ ಜಾರುತ್ತಿದೆ, ಟ್ಯೂಬನ್ನೂ ಎಳೆದುಕೊಂಡು ಹೋಗುತ್ತಿದೆ. ವಾಲ್ವಿನ ತುದಿ ರಿಮ್ಮಿನ ತೂತಿನಲ್ಲಿ ಸಿಕ್ಕಿಕೊಂಡಿದೆ, ಬುಡ ಎಳೆಯಲ್ಪಡುತ್ತಿದೆ. ಒಂದು ದಿನ ಬುಡ ಹರಿಯುತ್ತದೆ. ಆಗ ಗಾಳಿ ಒಂದೇ ಸಲಕ್ಕೆ ಖಾಲಿಯಾಗುತ್ತದೆ. ಮೊಳೆ ಚುಚ್ಚಿದಂತೆ ನಿಧಾನವಾಗಿ ಇಳಿಯುವುದಿಲ್ಲ. 80ರ ವೇಗದಲ್ಲಿ, ಹಿಂದೆ ತಮ್ಮ ಕುಳಿತಿರುವಾಗ.

ಜಾರುವುದು ಏಕೆಂದರೆ 7 ಪಿಎಸ್‌ಐ ಗಾಳಿಗೆ ಟೈರಿನ ಬಾಯಿಯನ್ನು, ಅಂದರೆ ರಿಮ್ಮಿನಲ್ಲಿ ಕೂರುವ ಅಂಚನ್ನು, ರಿಮ್ಮಿಗೆ ಒತ್ತಿ ಹಿಡಿಯುವ ಶಕ್ತಿ ಇಲ್ಲ. ಟ್ಯೂಬ್ ಇಟ್ಟು ಕಡಿಮೆ ಗಾಳಿಯಲ್ಲಿ ಓಡಿಸುವವರು ರಿಮ್ ಲಾಕ್ ಹಾಕಿಸುತ್ತಾರೆ. ಅದು ಟೈರಿನ ಬಾಯಿಯನ್ನು ರಿಮ್ಮಿಗೆ ಬಿಗಿದು ಹಿಡಿಯುವ ಕ್ಲಾಂಪು. ನಿನ್ನ ಚಕ್ರದಲ್ಲಿ ಅದು ಇದೆಯೇ? ನೀನು ಬರೆದಿಲ್ಲ.

ಓಲಾಟಕ್ಕೆ ಕಾರಣ ಪಕ್ಕೆ. 70 ಕಿಲೋ ಬೈಕಿಗೆ, ನಡಿಗೆಯ ವೇಗಕ್ಕೆ ಮಾಡಿದ ಟೈರ್ ಅದು. ನಿನ್ನ ಬೈಕ್ 150 ಕಿಲೋ ದಾಟುತ್ತದೆ, ಮೇಲೆ ಇಬ್ಬರು. ತಿರುವಿನಲ್ಲಿ ಪಕ್ಕೆ ಒಂದು ಕಡೆಗೆ ಮಡಚಿ ಮತ್ತೆ ಎದ್ದು ನಿಲ್ಲುತ್ತದೆ. ಹಾಗೆ ಮಡಚಿ ಮಡಚಿ ಒಳಗೆ ಬಿಸಿಯೇರುತ್ತದೆ. ಬಿಸಿಯಾದ ಟೈರಿನ ಪದರಗಳು ಬಿಟ್ಟುಕೊಳ್ಳುತ್ತವೆ, ಟ್ಯೂಬ್ ಉಜ್ಜಿ ತೆಳುವಾಗುತ್ತದೆ. ಹೊರಗಿನಿಂದ ಇದೇನೂ ಕಾಣುವುದಿಲ್ಲ. ಇನ್ನೊಂದು ಮಾತು: 4.00-18 ಟೈರ್ ನಿನ್ನ ಹಳೆಯದಕ್ಕಿಂತ ಎತ್ತರ. ಸಸ್ಪೆನ್ಷನ್ ಪೂರ್ತಿ ಕೆಳಗಿಳಿದಾಗ ಮಡ್‌ಗಾರ್ಡಿಗೆ ತಾಗುತ್ತದೆಯೇ, ಚೈನಿಗೆ ಎಷ್ಟು ಸಂದು ಉಳಿದಿದೆ, ನೋಡು.

ಚಕ್ರ ಬಿಚ್ಚಿಸಿ ಟ್ಯೂಬಿನ ವಾಲ್ವ್ ಬುಡದ ಚಿತ್ರ ಹಾಕು. ಇವತ್ತೇ.

ಕೊಪ್ಪದ ಸದಸ್ಯ: ಸುಮ್ಮನೆ ಹೆದರಿಸುತ್ತಿದ್ದೀರಿ. ಆ ಟೈರಿನ ಮೇಲೆ 64ಎಂ ಎಂದಿರುತ್ತದೆ. 64 ಎಂದರೆ 280 ಕಿಲೋ, ಎಂ ಎಂದರೆ ಗಂಟೆಗೆ 130 ಕಿಲೋಮೀಟರ್. ತಯಾರಕರಿಗಿಂತ ನಿಮಗೆ ಹೆಚ್ಚು ಗೊತ್ತೇ?

ಟೈರ್ ಅಂಗಡಿ: ಅಂಕಿಗಳನ್ನು ಸರಿಯಾಗಿ ಓದಿದ್ದೀರಿ. ಆದರೆ ಆ 280 ಕಿಲೋ ಪಕ್ಕೆಯ ಮೇಲೆ ಬರೆದಿರುವ ಪೂರ್ಣ ಗಾಳಿಗೆ, 7 ಪಿಎಸ್‌ಐಗೆ ಅಲ್ಲ. ಯುರೋಪಿನ ಕೆಲವು ಸ್ಪರ್ಧೆಗಳಲ್ಲಿ ಟ್ರಯಲ್ಸ್ ಬೈಕುಗಳು ಒಂದು ಬಂಡೆಯ ಜಾಗದಿಂದ ಇನ್ನೊಂದಕ್ಕೆ ರಸ್ತೆಯಲ್ಲೇ ಹೋಗಬೇಕಾಗುತ್ತದೆ. ಅದಕ್ಕಾಗಿ ಆ ಗುರುತು.

ಕಳಸದ ಸದಸ್ಯ: ತೋಟದ ಕೆಸರಿಗೆ ಟ್ರಯಲ್ಸ್ ಟೈರ್ ಒಳ್ಳೆಯದೇ ಸರ್?

ಟೈರ್ ಅಂಗಡಿ: ಕಲ್ಲು, ಬೇರು, ಪಾಚಿ, ಹಳ್ಳದ ಗುಂಡುಕಲ್ಲು ಇದ್ದರೆ ಅದಕ್ಕೆ ಸಮನಾದದ್ದು ಇಲ್ಲ. ಆಷಾಢದ ಅಂಟು ಕೆಮ್ಮಣ್ಣಿನಲ್ಲಿ ಸಂದುಗಳು ತುಂಬಿ ಟೈರ್ ಬೋಳಾಗುತ್ತದೆ. ಆಗ ದೂರ ದೂರ ಬಟನ್ ಇರುವ ಟೈರೇ ಮೇಲು. ನಿಮ್ಮ ದಾರಿಯಲ್ಲಿ ಯಾವುದು ಹೆಚ್ಚು ಎಂಬುದನ್ನು ನೋಡಿ ಕೊಳ್ಳಿ.

ಸಕಲೇಶಪುರದ ಸದಸ್ಯೆ: ಟೈರಿನ ಮಾತು ಸರಿ. ಆದರೆ ಈ ಟೈರ್ ಹಾಕಿಸಿಕೊಂಡವರೆಲ್ಲ ಶೋಲಾ ಹುಲ್ಲುಗಾವಲಿಗೆ ಏರುತ್ತಾರೆ. ಕಳೆದ ಮಳೆಯಲ್ಲಿ ನಮ್ಮ ತೋಟದ ಮೇಲಿನ ಗುಡ್ಡದಲ್ಲಿ ಬೈಕಿನ ಗೆರೆಗಳೇ ನೀರಿನ ಕಾಲುವೆಗಳಾದವು. ಮಣ್ಣು ನಮ್ಮ ಕೆರೆಗೆ ಬಂತು.

ಕೊಪ್ಪದ ಸದಸ್ಯ: ಜೀಪುಗಳು ಹೋಗುವುದಿಲ್ಲವೇ? ಬೈಕಿನವರ ಮೇಲೆ ಮಾತ್ರ ಏಕೆ ಕಣ್ಣು?

ಸಕಲೇಶಪುರದ ಸದಸ್ಯೆ: ಜೀಪೂ ತಪ್ಪು, ಬೈಕೂ ತಪ್ಪು. ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಗಾಡಿ ನುಗ್ಗಿಸುವುದು ಅಪರಾಧ. ನೀವು ಹಾಕಿದ ಹೋದ ವಾರದ ವಿಡಿಯೊ ಎಲ್ಲಿಯದು ಎಂದು ಎಲ್ಲರಿಗೂ ಗೊತ್ತು.

ಕೊಪ್ಪದ ಸದಸ್ಯ: ಅದು ನಮ್ಮ ಮಾವನ ಜಮೀನು. ನಿಮಗೆ ವಿವರ ಕೊಡಬೇಕಾಗಿಲ್ಲ.

ಹಾಸನದ ಸದಸ್ಯ: ಜಮೀನಿನಲ್ಲಿ ಅರಣ್ಯ ಇಲಾಖೆಯ ಗಡಿಕಲ್ಲು ಏಕಿತ್ತು ಸ್ವಾಮಿ? ವಿಡಿಯೊದಲ್ಲಿ ಕಾಣುತ್ತಿದೆ.

ನಿರ್ವಾಹಕರು: ವಿಷಯಕ್ಕೆ ಬನ್ನಿ.

ಟೈರ್ ಅಂಗಡಿ: ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಟ್ರಯಲ್ಸ್ ಟೈರ್ ನೆಲವನ್ನು ಕಡಿಮೆ ಅಗೆಯುತ್ತದೆ, ನಿಜ. ಆದರೆ ನೆನೆದ ಹುಲ್ಲಿನ ಇಳಿಜಾರಿನಲ್ಲಿ ಚಕ್ರ ಒಮ್ಮೆ ಗಿರಕಿ ಹೊಡೆದರೆ ಯಾವ ಟೈರಾದರೂ ಬೇರು ಕೀಳುತ್ತದೆ. ಅಕ್ಕ ಹೇಳಿದ್ದು ಸರಿ. ಅಲ್ಲಿಗೆ ಹೋಗಲೆಂದು ಟೈರ್ ಕೇಳುವವರು ನನ್ನ ಅಂಗಡಿಗೆ ಬರಬೇಡಿ.

ಬಾಳೆಹೊನ್ನೂರಿನ ಸದಸ್ಯ: ಗಾಳಿ ಎಷ್ಟು ಹೊಡೆಸಬೇಕು ಅಣ್ಣ?

ಟೈರ್ ಅಂಗಡಿ: ಯಾವ ಬೈಕ್?

ಬಾಳೆಹೊನ್ನೂರಿನ ಸದಸ್ಯ: ಎಕ್ಸ್‌ಪಲ್ಸ್.

ಟೈರ್ ಅಂಗಡಿ: ಕಂಪನಿ ಟೈರಾದರೆ ತೋಟದೊಳಗೆ ನಿಧಾನಕ್ಕೆ 18ರಿಂದ 20. ರಿಮ್ ಲಾಕ್ ಇಲ್ಲದೆ 15ಕ್ಕಿಂತ ಕೆಳಗೆ ಬೇಡ. ರಸ್ತೆಗೆ ಬರುವ ಮೊದಲು ಬೈಕಿನ ಕೈಪಿಡಿ ಪುಸ್ತಕದಲ್ಲಿರುವಷ್ಟು ತುಂಬಿಸಿ. ಪಂಪು ಬೈಕಿನಲ್ಲೇ ಇರಲಿ.

ಎನ್.ಆರ್. ಪುರದ ಸದಸ್ಯ: ಎಕ್ಸ್‌ಪಲ್ಸ್‌ಗೆ ಗಾಳಿ ಎಷ್ಟು?

ಟೈರ್ ಅಂಗಡಿ: ಮೇಲಿನ ಉತ್ತರ.

ತೀರ್ಥಹಳ್ಳಿಯ ಸದಸ್ಯ: ಆರ್‌ಎಕ್ಸ್ 100ರ ಪ್ರಶ್ನೆ ಬಾಕಿ ಇದೆ ಸರ್.

ಸಾಗರದ ಸದಸ್ಯ: ಟ್ಯೂಬ್‌ಲೆಸ್ ಟೈರ್ ರಿಮ್ಮಿಗೆ ಕೂರದಿದ್ದರೆ ಒಳಗೆ ಸ್ವಲ್ಪ ಪೆಟ್ರೋಲ್ ಚಿಮುಕಿಸಿ ಬೆಂಕಿಕಡ್ಡಿ ಗೀರಿದರೆ ಢಬ್ ಎಂದು ಕೂರುತ್ತದೆ. ವಿಡಿಯೊ ಕಳಿಸಲೇ?

ಟೈರ್ ಅಂಗಡಿ: ಕಳಿಸಬೇಡಿ. ನಿರ್ವಾಹಕರೇ, ಬಂದರೆ ಅಳಿಸಿ. ಅದು ಸ್ಫೋಟ. ಎಷ್ಟು ಪೆಟ್ರೋಲ್ ಹೆಚ್ಚಾಯಿತು ಎಂದು ಗೊತ್ತಾಗುವುದು ಮುಖ ಸುಟ್ಟ ಮೇಲೆ. ಸೋಪಿನ ನೀರು ಹಚ್ಚಿ, ಟೈರಿನ ಸುತ್ತ ಹಗ್ಗ ಕಟ್ಟಿ ಬಿಗಿದು, ವಾಲ್ವಿನ ಪಿನ್ ತೆಗೆದು, ಕಂಪ್ರೆಸರಿನಿಂದ ಜೋರಾಗಿ ಗಾಳಿ ಬಿಡಿ. ಬಾಯಿ ಕೂರುತ್ತದೆ. ಸಂಜೆಯಿಂದ ಇಲ್ಲಿ ಕುಳಿತಿರುವುದು ನಿಮ್ಮ ಕೈಕಾಲು ಉಳಿಯಲೆಂದು. ಬೇರೆ ಗುಂಪಿನಿಂದ ಬಂದದ್ದನ್ನು ಇಲ್ಲಿಗೆ ಎಸೆಯುವ ಮೊದಲು ಒಮ್ಮೆ ಯೋಚಿಸಿ.

ಸಾಗರದ ಸದಸ್ಯ: ಒಳ್ಳೆಯದಕ್ಕೆ ಹಾಕಿದ್ದು. ಇಷ್ಟು ಸಿಟ್ಟು ಬೇಕಿರಲಿಲ್ಲ.

ಮೂಡಿಗೆರೆಯ ಸದಸ್ಯ: ಅಣ್ಣ, ಚಕ್ರ ಬಿಚ್ಚಿಸಿದೆ. ಚಿತ್ರ ನೋಡಿ. ವಾಲ್ವ್ ಬುಡದಲ್ಲಿ ಅರ್ಧ ಸುತ್ತು ಬಿರುಕು ಬಿಟ್ಟಿದೆ. ರಿಮ್ ಲಾಕ್ ಇಲ್ಲ. ಟೈರಿನ ಒಳಗೆ ಪಕ್ಕೆಯುದ್ದಕ್ಕೂ ಕಪ್ಪು ಪುಡಿ ಉದುರಿದೆ.

ಟೈರ್ ಅಂಗಡಿ: ಆ ಪುಡಿ ಟ್ಯೂಬೂ ಟೈರೂ ಉಜ್ಜಿದ್ದರಿಂದ ಬಂದದ್ದು. ಟ್ಯೂಬ್ ಎಸೆದುಬಿಡು, ತೇಪೆ ಹಾಕಿಸಬೇಡ, ವಾಲ್ವ್ ಬುಡದಲ್ಲಿ ತೇಪೆ ನಿಲ್ಲುವುದಿಲ್ಲ. ಹಳೆಯ 120/80 ಟೈರ್ ಇದೆಯಲ್ಲ, ಹೊಸ ಟ್ಯೂಬಿನೊಂದಿಗೆ ಅದನ್ನೇ ಕೂರಿಸು. ಟ್ರಯಲ್ಸ್ ಟೈರನ್ನು ಅಂಗಡಿಗೆ ತಾ, ಆದರೆ ಬೈಕಿನಲ್ಲಿ ಬರಬೇಡ, ಬಸ್ಸಿನಲ್ಲಿ ತಾ. ಒಳಗೆ ಬೆರಳಾಡಿಸಿ ಪದರ ಬಿಟ್ಟಿದೆಯೇ ನೋಡುತ್ತೇನೆ. ಪದರ ಬಿಡದೆ ಚೆನ್ನಾಗಿದ್ದರೆ ಇನ್ನೊಂದು ಹಳೆಯ ರಿಮ್ ಹುಡುಕಿ ರಿಮ್ ಲಾಕ್ ಹಾಕಿಕೊಡುತ್ತೇನೆ. ಆ ಚಕ್ರ ತೋಟದೊಳಗೆ ಮಾತ್ರ, ನೀನೊಬ್ಬನೇ ಇರುವಾಗ ಮಾತ್ರ.

ಮೂಡಿಗೆರೆಯ ಸದಸ್ಯ: ಸರಿ ಅಣ್ಣ. ಗುರುವಾರ ಬರುತ್ತೇನೆ. ಮಾರಿದವರು ರಸ್ತೆಗೂ ಆಗುತ್ತದೆ ಎಂದಿದ್ದರು.

ಟೈರ್ ಅಂಗಡಿ: ಗುರುವಾರ ಮಧ್ಯಾಹ್ನದ ನಂತರ ಬಾ. ಹಿಂದಿನ ಚಕ್ರದ ಬೇರಿಂಗ್ ಅಳತೆಯನ್ನೂ ಬರೆದುಕೊಂಡು ಬಾ.